ಸಾಹೇಬರ ಬೆನ್ನು

ದೇವರು ಮನುಷ್ಯನನ್ನು ಮಾಡುತ್ತ ಮಾಡುತ್ತ ಬೆನ್ನಿನ ಹತ್ತಿರ ಬಂದ ಹೊತ್ತಿಗೆ ಅವನಿಗೆ ಊಟದ ಕರೆ ಬಂದಿರಬೇಕು. ಇಲ್ಲದಿದ್ದರೆ ಎರಡು ಕೈ, ಹತ್ತು ಬೆರಳು, ಬೆರಳಿಗೊಂದು ಉಗುರು ಎಂದು ಧಾರಾಳವಾಗಿ ಕೊಟ್ಟವನು ಬೆನ್ನಿನ ನಟ್ಟನಡುವೆ ಅಂಗೈಯಗಲದ ಜಾಗವನ್ನು ಯಾವ ಕೈಗೂ ಎಟುಕದ ಹಾಗೆ ಬಿಡುತ್ತಿರಲಿಲ್ಲ. ಮೇಲಿನಿಂದ ಹೋದ ಕೈ ಅದರ ಮೇಲಂಚಿಗೆ ಸೋತು ನಿಲ್ಲುತ್ತದೆ, ಕೆಳಗಿನಿಂದ ಹೋದದ್ದು ಕೆಳಂಚಿಗೆ. ತುರಿಕೆಗೆ ಇದು ಚೆನ್ನಾಗಿ ಗೊತ್ತಿದೆ. ಅದು ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಮನುಷ್ಯ ಮದುವೆ ಯಾಕಾಗುತ್ತಾನೆ ಎಂದರೆ ದೊಡ್ಡವರು ಧರ್ಮ, ವಂಶ ಎಂದು ಏನೇನೋ ಹೇಳುತ್ತಾರೆ. ನನ್ನನ್ನು ಕೇಳಿದರೆ ಆ ಅಂಗೈಯಗಲದ ಜಾಗದ ಕಡೆ ಬೆರಳು ತೋರಿಸುತ್ತೇನೆ, ಬೆರಳು ಅಲ್ಲಿಯವರೆಗೆ ಹೋದರೆ.

ನನಗೆ ಮದುವೆಯೇನೋ ಆಗಿತ್ತು. ಆದರೆ ಹೆಂಡತಿ ಕುಮಟೆಯ ಹತ್ತಿರ ಹೊಳನಗದ್ದೆಯ ನಮ್ಮ ಮನೆಯಲ್ಲಿ, ನಾನು ಹೊನ್ನಾವರದಾಚೆ ಮಂಕಿಯ ಶಾಲೆಯಲ್ಲಿ ಮಾಸ್ತರ. ಅರವತ್ತರ ದಶಕದ ಆರಂಭದ ಮಾತು. ಶರಾವತಿಗೆ ಇನ್ನೂ ಸೇತುವೆ ಆಗಿರಲಿಲ್ಲ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ, ಲಾಂಚಿನಲ್ಲಿ ಹೊಳೆ ದಾಟಿ, ಮತ್ತೆ ಬಸ್ಸು ಹಿಡಿದು ಮನೆ ಸೇರುವಾಗ ದೀಪ ಹಚ್ಚಿರುತ್ತಿದ್ದರು. ಭಾನುವಾರ ಊಟದ ಕೈ ಒಣಗುವ ಮೊದಲೇ ವಾಪಸು. ನಡುವೆ ಸಿಕ್ಕ ಹೊತ್ತಿನಲ್ಲಿ ಹೆಂಡತಿಯ ಜೊತೆ ಎರಡು ಮಾತಾಡೋಣವೆಂದರೆ ನನ್ನ ತಾಯಿ, ಆಯಿಗೆ ಸರಿಯಾಗಿ ಆಗಲೇ ತೆಂಗಿನಕಾಯಿ ಸುಲಿಸುವ ನೆನಪಾಗುತ್ತಿತ್ತು. "ಅವಳನ್ನೂ ಮಂಕಿಗೆ ಕರ್ಕಂಡು ಹೋಗ್ಲಾ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಎಂತಕ್ಕೆ? ಮಂಕಿ ಎಂತ ದೂರವಾ? ವಾರ ವಾರ ಬರ್ತೀಯಲ್ಲ, ಆತು" ಎಂದಳು ಆಯಿ. ಅಲ್ಲಿಗೆ ಆತು. ಇನ್ನು ಉಳಿದದ್ದು ಕುಮಟೆ ಕಡೆಗೆ ವರ್ಗಾವಣೆಯೊಂದೇ. ಅದನ್ನು ಮಾಡಿಸಬಲ್ಲವರು ಶಾಲೆ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಸಾಹೇಬರು.

ಮಳೆಗಾಲ ಮುಗಿದ ಮೇಲೆ ಸಾಹೇಬರು ಒಂದು ಭಾನುವಾರ ಮಧ್ಯಾಹ್ನವೇ ಬಂದಿಳಿದರು. ಧಾರವಾಡದ ಕಡೆಯವರು, ಹೊಸದಾಗಿ ನಮ್ಮ ಜಿಲ್ಲೆಗೆ ಬಂದವರು. ನಾನು ಆ ವಾರ ಊರಿಗೂ ಹೋಗದೆ ಎಳನೀರು ಕೆತ್ತಿಸಿಟ್ಟು ಕಾದಿದ್ದೆ. ಎಳನೀರು ಕುಡಿದು ಮೀಸೆ ಒರೆಸಿಕೊಂಡ ಸಾಹೇಬರು, "ಮಾಸ್ತರ, ನಾ ಸಮುದ್ರದಾಗ ಜಳಕಾ ಮಾಡಿದಾಂವ ಅಲ್ಲ. ನೀವು ಪುಣ್ಯವಂತ್ರು, ದಿನಾ ಮಾಡ್ತೀರೇನು?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಕಡಲ ದಂಡೆಯವರಷ್ಟು ಕಡಲಿಗೆ ಬೆನ್ನು ಹಾಕಿ ಬದುಕುವವರು ಬೇರೆ ಇಲ್ಲ. ಎಳ್ಳಮಾಸೆಯ ದಿನ ಹಿರಿಯರ ಒತ್ತಾಯಕ್ಕೆ ನಾಲ್ಕು ಮುಳುಗು ಹಾಕಿ ನಡುಗುತ್ತ ಮನೆಗೆ ಓಡಿದರೆ ಮತ್ತೆ ಅತ್ತ ಹೋಗುವುದು ಮುಂದಿನ ವರ್ಷವೇ. ಆದರೆ ಸಾಹೇಬರ ಮುಖದಲ್ಲಿ ಅಷ್ಟು ಆಸೆ ಕಂಡಾಗ ನನ್ನ ನಾಲಗೆಗೆ ಎಲುಬು ಎಲ್ಲಿಂದ ಬರಬೇಕು? "ದಿನಾ ಮೀಯ್ತೇನೆ ಸಾಹೇಬ್ರೆ! ಸಮುದ್ರ ಅಂದ್ರೆ ನನಗೆ ಜೀವ" ಎಂದುಬಿಟ್ಟೆ.

ಧೋತರ ಕಚ್ಚೆ ಕಟ್ಟಿ ಇಬ್ಬರೂ ಹೊರಟೆವು. ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತಿದ್ದ ಮುದುಕನೊಬ್ಬ ನಮ್ಮನ್ನು ನೋಡಿ ಎದ್ದುನಿಂತು ಕೊಂಕಣಿಯಲ್ಲಿ ಏನೋ ಕೂಗಿದ. ನನಗೆ ಕೊಂಕಣಿ ಚೆನ್ನಾಗಿಯೇ ಬರುತ್ತದೆ. ಇವತ್ತು ನೀರಿಗೆ ಇಳಿಯಬೇಡಿ, ಲೋಳೆಮೀನು ಬಂದಿದೆ ಎನ್ನುತ್ತಿದ್ದ. ಅಂಬಲಿ ಹೆಪ್ಪುಗಟ್ಟಿದ ಹಾಗಿರುವ ಆ ಜೀವಿಗೆ ಮೂಳೆಯೂ ಇಲ್ಲ, ಮುಖವೂ ಇಲ್ಲ. ಆದರೆ ಅದರ ಎಳೆ ತಾಗಿದರೆ ಚಾಟಿಯಲ್ಲಿ ಬಾರಿಸಿದ ಹಾಗೆ ಬಾಸುಂಡೆ ಏಳುತ್ತದೆ. "ಏನಂತಾನ್ರಿ ಅಂವ?" ಎಂದರು ಸಾಹೇಬರು. ದಿನಾ ಮೀಯುವವನು ಈಗ ಹಿಂದೆ ಸರಿಯುವುದು ಹೇಗೆ? "ತಮಗೆ ಸ್ವಾಗತ ಹೇಳ್ತಾ ಇದಾನೆ ಸಾಹೇಬ್ರೆ" ಎಂದೆ. ಸಾಹೇಬರು ಸಂತೋಷದಿಂದ ಅವನಿಗೆ ಕೈ ಮುಗಿದು ನೀರಿಗೆ ಇಳಿದರು.

ಮೊದಲ ತೆರೆಗೆ ಅವರು ಕಿರುಚಿದರು, ಎರಡನೆಯದಕ್ಕೆ ನಕ್ಕರು, ಆಮೇಲೆ ಮಗುವಿನ ಹಾಗೆ ಕುಣಿಯತೊಡಗಿದರು. ಮೇಲಧಿಕಾರಿ ಕುಣಿಯುವಾಗ ಸುಮ್ಮನೆ ನಿಲ್ಲುವುದು ಅವಿಧೇಯತೆಯೆಂದು ನಾನೂ ಕುಣಿದೆ. ಸ್ವಲ್ಪ ಹೊತ್ತಿನಲ್ಲಿ ಸಾಹೇಬರ ಕುಣಿತದ ಗತಿ ಬದಲಾಯಿತು. ಹಿಂದೆಯೇ ನನ್ನದೂ ಬದಲಾಯಿತು. ದಡಕ್ಕೆ ಬಿದ್ದು ಎದ್ದು ಓಡಿಬಂದಾಗ ಮುದುಕ ಈ ಸಲ ಕನ್ನಡದಲ್ಲೇ, "ಲೋಳೆಮೀನು ಬಂದದೆ, ಇಳೀಬೇಡಿ ಅಂತ ಎಷ್ಟು ಕೂಗ್ದೆ!" ಎಂದ. ಸಾಹೇಬರು ತಮ್ಮ ತೋಳಿನ ಕೆಂಪು ಗೆರೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದೇನ್ರಿ ಮಾಸ್ತರ ಸ್ವಾಗತಾ?" ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಾನು. "ರಕ್ತಶುದ್ಧಿಗೆ ಬಹಳ ಒಳ್ಳೇದು ಸಾಹೇಬ್ರೆ. ನಾನು ಇದಕ್ಕೇ ದಿನಾ ಬರೋದು" ಎಂದೆ, ಎರಡೂ ಕೈಯಲ್ಲಿ ತೊಡೆ ಕೆರೆಯುತ್ತ.

ಉರಿಗೆ ಮದ್ದೆಂದು ಮುರುಗಲ ಹಣ್ಣಿನ ಸಿಪ್ಪೆ ನೆನೆಸಿದ ನೀರನ್ನು ಇಬ್ಬರೂ ಮೈಗೆಲ್ಲ ಹಚ್ಚಿಕೊಂಡೆವು. ಉರಿ ಇಳಿಯಿತು, ತುರಿಕೆ ಉಳಿಯಿತು, ಜೊತೆಗೆ ಮೈಗೆ ಕೆಂಪು ಬಣ್ಣ ಬಂತು. ಸೋಮವಾರ ಅದೇ ಬಣ್ಣದಲ್ಲಿ ತಪಾಸಣೆ ನಡೆಯಿತು. "ಸಮುದ್ರದಿಂದ ನಮಗ ಏನೇನ ಸಿಗ್ತದ?" ಎಂದು ಸಾಹೇಬರು ಮಕ್ಕಳನ್ನು ಕೇಳಿದರು. ಉಪ್ಪು, ಮೀನು, ಚಿಪ್ಪು ಎಂದು ಉತ್ತರಗಳು ಬಂದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅವರನ್ನೂ ನನ್ನನ್ನೂ ಒಮ್ಮೆ ನೋಡಿ ಎದ್ದುನಿಂತು, "ತುರಿಕೆ, ಮಾಸ್ತರ್ರೆ" ಎಂದಳು. ಸಾಹೇಬರು "ಶಾಣ್ಯಾ ಅದಾಳ" ಎಂದರು. ಮರುಗಳಿಗೆಯಲ್ಲೇ ಅವರ ಮುಖ ವಿಚಿತ್ರವಾಗಿ ಸೊಟ್ಟಗಾಯಿತು. ತುರಿಕೆ ಆ ಅಂಗೈಯಗಲದ ಜಾಗಕ್ಕೆ ಬಂದಿತ್ತೆಂದು ನನಗೆ ನೋಡಿದೊಡನೆ ತಿಳಿಯಿತು. "ಎಲ್ಲಾರೂ ಕಣ್ಣು ಮುಚ್ಚಿ ಹದಿಮೂರರ ಮಗ್ಗಿ ಹೇಳ್ರಿ" ಎಂದು ಆಜ್ಞೆ ಮಾಡಿ, ಕೋಟು ಎತ್ತಿ ನನಗೆ ಬೆನ್ನು ತಿರುಗಿಸಿದರು. ನಾನು ಭೂಪಟ ತೋರಿಸುವ ಕೋಲು ತೆಗೆದುಕೊಂಡು ಅದರಲ್ಲಿ ಕೆರೆಯತೊಡಗಿದೆ. "ಇನ್ನ ಸ್ವಲ್ಪ ಮ್ಯಾಲ… ಎಡಕ್ಕ… ಹಾಂ, ಅಲ್ಲೇ, ಅಲ್ಲೇ!" ನನ್ನ ಬೆನ್ನೂ ಅಷ್ಟೇ ತುರಿಸುತ್ತಿತ್ತು. ಆದರೆ ಮಾಸ್ತರನ ಬೆನ್ನು ಕೆರೆಯುವ ಸಾಹೇಬರು ಇನ್ನೂ ಹುಟ್ಟಬೇಕಷ್ಟೆ. ಅವರು ಹೋದ ಮೇಲೆ ನನ್ನ ಕೋಣೆಯ ಬಾಗಿಲ ಚೌಕಟ್ಟಿಗೆ ಎಮ್ಮೆಯ ಹಾಗೆ ಬೆನ್ನು ತಿಕ್ಕುತ್ತ ನಿಂತಾಗ ಹೆಂಡತಿಯ ನೆನಪಾಗಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಳುವೇ ಬಂತು.

ಬಸ್ಸು ಹತ್ತುವಾಗ ಸಾಹೇಬರು ನನ್ನ ಅರ್ಜಿಯ ಮಾತು ಪೂರ್ತಿ ಕೇಳದೆ, "ನಿಮಗ ಸಮುದ್ರ ಅಂದ್ರ ಜೀವ ಅಂದ್ರಿ ಅಲ್ಲ? ನೆನಪ ಇಟ್ಕೊಂತೀನಿ" ಎಂದಿದ್ದರು. ಇಟ್ಟುಕೊಂಡರು. ಮುಂದಿನ ಬೇಸಿಗೆಯಲ್ಲಿ ಆದೇಶ ಬಂತು: ಕುಮಟೆಗಲ್ಲ, ಭಟ್ಕಳದ ಕಡೆ ಕಡಲಿಗೇ ಬಾಗಿಲು ತೆರೆಯುವ ಒಂದು ಶಾಲೆಗೆ. ಅದು ಉಪಕಾರವೋ ಸೇಡೋ ಇಂದಿಗೂ ನನಗೆ ಗೊತ್ತಿಲ್ಲ. ಮನೆಗೆ ಹೋಗಿ ಮುಖ ಇಳಿಬಿಟ್ಟು ವಿಷಯ ಹೇಳಿದೆ. ಆಯಿ ಕಾಯಿ ತುರಿಯುವುದನ್ನು ನಿಲ್ಲಿಸಿ, "ಭಟ್ಕಳವಾ? ಅಲ್ಲಿಂದ ವಾರ ವಾರ ಬರೂಕೆ ಆಗ್ತದ್ಯಾ? ಉಣ್ಣೂಕೆ ಮಾಡಿ ಹಾಕೂಕೆ ಒಂದು ಜನ ಬೇಕಲ್ಲ, ಅವಳನ್ನೂ ಕರ್ಕಂಡು ಹೋಗು" ಎಂದಳು. ಒಳಕೋಣೆಯಲ್ಲಿ ಬಳೆಯ ಸದ್ದಾಯಿತು. ನಾನು ಅಂಗಳಕ್ಕೆ ಹೋಗಿ ಯಾರೂ ಇಲ್ಲದ್ದು ನೋಡಿಕೊಂಡು ಒಂದು ಸುತ್ತು ಕುಣಿದೆ, ಈ ಸಲ ಲೋಳೆಮೀನಿನ ಸಹಾಯವಿಲ್ಲದೆ.

ಭಟ್ಕಳಕ್ಕೆ ಹೋದ ಮೊದಲ ಸಂಜೆಯೇ, ನನ್ನಿಂದ ಮಂಕಿಯ ಕತೆಯೆಲ್ಲ ಕೇಳಿದ್ದ ಹೆಂಡತಿ ಮೊಣಕಾಲವರೆಗೆ ನೀರಿಗಿಳಿದು, ಒಣ ಮರಳಿನಲ್ಲಿ ಕೊಡೆ ಹಿಡಿದು ನಿಂತ ನನ್ನನ್ನು ಕರೆದಳು. "ಬನ್ನಿ! ದಿನಾ ಮೀಯೋರು ಹೆದರ್ತ್ರಾ?" ಹೋದೆ. ಲೋಳೆಮೀನು ನನಗೆ ಮಾತ್ರ ತಾಗಿತು. ಆ ರಾತ್ರಿ ಅವಳು ನಗುತ್ತ ನಗುತ್ತ ಬೆನ್ನಿನ ನಟ್ಟನಡುವೆ ಕೆರೆದಾಗ ಸಾಹೇಬರು "ಅಲ್ಲೇ, ಅಲ್ಲೇ" ಎಂದು ಯಾಕೆ ಮೈಮರೆತಿದ್ದರೆಂದು ನನಗೆ ತಿಳಿಯಿತು. ಮಂಕಿಯ ಶಾಲೆಗೆ ಹೊಸ ಕೋಲು ಮಾಡಿಸಿಕೊಟ್ಟು ಆ ಹಳೆಯದನ್ನು ನಾನು ಜೊತೆಗೇ ತಂದಿದ್ದೆ. ಈಗಲೂ ಮನೆಯ ಗೋಡೆಯಲ್ಲಿ ತೂಗುತ್ತಿದೆ. ಜಗಳವಾದ ದಿನ ನಾನು ಬೆನ್ನು ಕೊಟ್ಟು ಕೂತರೆ ಹೆಂಡತಿ ಅದನ್ನು ತೆಗೆದು ನನ್ನ ಕೈಗೆ ಕೊಡುತ್ತಾಳೆ. "ತಗಳಿ. ಇಲ್ದಿದ್ರೆ ನಿಮ್ಮ ಸಾಹೇಬ್ರಿಗೆ ಬರೂಕೆ ಹೇಳಿ. ಅವ್ರದ್ದು ಒಂದು ಸಲ ಬಾಕಿ ಇದ್ಯಲ್ಲ" ಎನ್ನುತ್ತಾಳೆ. ನಾನು ಸ್ವಲ್ಪ ಹೊತ್ತು ಮೇಲಿನಿಂದ, ಸ್ವಲ್ಪ ಹೊತ್ತು ಕೆಳಗಿನಿಂದ ಕೋಲು ಹಾಕಿ ನೋಡಿ, ಜಗಳದಲ್ಲಿ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ.