ಮುಚ್ಚಳದೊಳಗಿನ ಗೀಚು

ನನ್ನ ಓರಗಿತ್ತಿಗೆ ತಲೆ ಕೆಟ್ಟಿದೆ ಎಂದು ಹೊಳೆನರಸೀಪುರದ ಅರ್ಧ ಊರು ಹೇಳುತ್ತದೆ. ಉಳಿದರ್ಧ ಊರಿನವರ ವಾಚುಗಳು ಅವಳ ಹತ್ತಿರ ರಿಪೇರಿಗೆ ಇವೆ, ಆದ್ದರಿಂದ ಅವರು ಬಾಯಿ ಬಿಡುವುದಿಲ್ಲ.

ಹೌದು, ಅವಳಿಗೆ ವಾಚಿನ ಹುಚ್ಚು. ಏನೀಗ? ಎಪ್ಪತ್ತೆರಡು ವರ್ಷದ ಹೆಂಗಸು ಟೀವಿ ಮುಂದೆ ಕೂತು ಯಾರದೋ ಮನೆಯ ಅತ್ತೆ ಸೊಸೆ ಜಗಳ ನೋಡಿದರೆ ಅದು ನಾರ್ಮಲ್ಲು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂ ತಿರುಗಿಸಿದರೆ ಅಬ್‌ನಾರ್ಮಲ್ಲೋ? ಈ ವಿಷಯದಲ್ಲಿ ನಾನು ಅವಳ ಪಾರ್ಟಿ, ಮೊದಲೇ ಹೇಳಿಬಿಟ್ಟಿದ್ದೇನೆ. ನಗುವವರು ನಗಲಿ. ನಾನೂ ನಗುತ್ತೇನೆ, ಆದರೆ ಅವಳ ಪಕ್ಕದಲ್ಲಿ ಕೂತು ನಗುತ್ತೇನೆ.

ಅವಳು ನನ್ನ ಮೈದುನನ ಹೆಂಡತಿ. ನಾನು ಹಾಸನದಲ್ಲಿ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಸಿಸ್ಟರುಗಳ ಕೈಯಲ್ಲಿ ಬೆಂಡೆತ್ತಿಸಿಕೊಂಡು, ಎಡಗೈಯಲ್ಲಿ ಫೋರ್ಕ್ ಹಿಡಿಯುವುದನ್ನು ಕಲಿತು, ಕಡೆಗೆ ಮುದ್ದೆ ನುಂಗುವ ಮನೆ ಸೇರಿದವಳು. ಅವಳು ದಂಡಿಗನಹಳ್ಳಿ ಕಡೆಯವಳು, ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಬಂದ ವಾರವೇ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು.

"ಅಕ್ಕ, ನೀನು ಕನ್ಸೂ ಇಂಗ್ಲೀಸಲ್ಲೇ ಕಾಣ್ತೀಯಾ?"

"ಕಾಣ್ತೀನಿ" ಎಂದೆ, ಗತ್ತಿಗೆ.

"ಅರ್ಥ ಆಯ್ತದಾ?"

ಅವತ್ತಿನಿಂದ ನಾವು ಫ್ರೆಂಡ್ಸ್. ಆಮೇಲೆ ನಮ್ಮವರ ನೌಕರಿಯ ದೆಸೆಯಿಂದ ನಾನು ಹಾಸನಕ್ಕೆ ವಾಪಸ್ ಬಂದೆ, ಅವಳು ಹೊಳೆನರಸೀಪುರದ ಮನೆಯಲ್ಲೇ ಉಳಿದಳು. ನಡುವೆ ಒಂದು ರೈಲು ಇದೆಯಲ್ಲ, ಸಾಕು.

ಹುಚ್ಚು ಹಿಡಿದದ್ದು ಒಂಬತ್ತು ವರ್ಷದ ಹಿಂದೆ, ನನ್ನ ಕಣ್ಣೆದುರಿಗೇ. ಅವಳ ಕೀ ಕೊಡುವ ವಾಚು ನಿಂತುಹೋಗಿತ್ತು. ಹಾಸನದ ಪೇಟೆಯಲ್ಲಿ ಒಬ್ಬ ಹಳೇ ರಿಪೇರಿಯವರ ಹತ್ತಿರ ಕರೆದುಕೊಂಡು ಹೋದೆ. ಇಬ್ಬರು ನಿಂತರೆ ತುಂಬಿಹೋಗುವ ಅಂಗಡಿ. ಗಾಜಿನ ಪೆಟ್ಟಿಗೆಯ ಹಿಂದೆ ಬೆಳ್ಳಗೆ ಗಡ್ಡ ಬಿಟ್ಟ ಮನುಷ್ಯ. ಮುಂದೆ ಇವಳಿಗೆ ವಿದ್ಯೆ ಕಲಿಸಿದ್ದು ಅವರೇ ಆದ್ದರಿಂದ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಅವರು ವಾಚಿನ ಹಿಂದಿನ ಮುಚ್ಚಳ ತೆಗೆದರು. ಇವಳು ಗಾಜಿಗೆ ಮೂಗು ಒತ್ತಿ ನಿಂತಳು. ನಾನು ಹೋಗಿ ಸೊಪ್ಪು, ತರಕಾರಿ, ಒಂದು ಪೊರಕೆ ಎಲ್ಲ ಕೊಂಡು ಬಂದರೂ ಮೂಗು ಅಲ್ಲೇ ಇತ್ತು.

"ನಡಿಯೇ, ಹೊತ್ತಾಯ್ತು."

"ತಡಿ ಅಕ್ಕ, ಒಟ್ಟೆ ಬಗ್ದವ್ರೆ. ತಿರ್ಗ ಒಲಿಯೋದು ನೋಡ್ಬುಟ್ಟು ಬತ್ತೀನಿ."

ಮಾರನೆಯ ದಿನ ನಮ್ಮ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಹೋಗಿ ಅಂಗಡಿಯ ಮುಂದೆ ಹಾಕಿ ಕೂತಳು. ಮೇಷ್ಟ್ರು ಎರಡು ದಿನ ಸಹಿಸಿ, ಮೂರನೆಯ ದಿನ ಹೇಳಿದರಂತೆ. "ಅಮ್ಮ, ಇದು ಹೆಂಗಸರು ಮಾಡೋ ಕೆಲಸ ಅಲ್ಲ. ಕಣ್ಣು ಹೋಗುತ್ತೆ."

"ಐವತ್ತು ವರ್ಸ ಅಕ್ಕೀಲಿ ಕಲ್ ಆರಿಸೀವ್ನಿ ಸಾ. ಆಗ ಯಾರೂ ಕಣ್ಣೋಯ್ತದೆ ಅನ್ನಲಿಲ್ವಲ್ಲ."

ಉತ್ತರ ಹೊಳೆಯದ ಗಂಡಸರು ಒಂದೋ ಬೈಯುತ್ತಾರೆ, ಇಲ್ಲವೇ ಜಾಗ ಬಿಡುತ್ತಾರೆ. ಇವರು ಜಾಗ ಬಿಟ್ಟರು. ಆಮೇಲೆ ಅವಳು ತಿಂಗಳಿಗೆ ನಾಲ್ಕು ಸಲ "ಅಕ್ಕನ್ನ ನೋಡ್ಬೇಕು" ಎಂದು ರೈಲು ಹತ್ತುತ್ತಿದ್ದಳು. ಅಕ್ಕನನ್ನು ನೋಡುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ. ಸ್ಟೂಲು ಅಂಗಡಿಯಲ್ಲೇ ಸೆಟ್ಲ್ ಆಯಿತು. ಒಂದೂವರೆ ವರ್ಷ ನಾನು ನಿಂತುಕೊಂಡು ಸ್ನಾನ ಮಾಡಿ, ಕಡೆಗೆ ಬೇರೆ ಸ್ಟೂಲು ಕೊಂಡೆ.

ಊರಿನ ಮನೆಯಲ್ಲಿ ಅವಳ ವರ್ಕ್‌ಶಾಪ್ ಎಂದರೆ ಮಂಚ. ಮಂಚಕ್ಕೆ ಸೊಳ್ಳೆ ಪರದೆ. ಬೆಳಗ್ಗೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಪರದೆ ಇಳಿಬಿಟ್ಟುಕೊಂಡು, ಭೂತಗನ್ನಡಿಯನ್ನು ಲಂಗದ ಲಾಡಿಯಿಂದ ತಲೆಗೆ ಬಿಗಿದುಕೊಂಡು ಕೂತಿರುತ್ತಾಳೆ. ಯಾಕೆ ಎಂದಿರಾ? ವಾಚಿನೊಳಗಿನ ಸ್ಪ್ರಿಂಗುಗಳಿಗೆ ಹಾರುವ ಚಟ. ಚಿಮುಟ ಒಂಚೂರು ಜಾರಿದರೆ ಸಾಕು, ಟಣ್ ಎಂದು ಹೋಗಿಬಿಡುತ್ತವೆ. ಮೊದಲ ವರ್ಷ ಹಾಗೆ ಹಾರಿದ ಒಂದು ಸ್ಪ್ರಿಂಗನ್ನು ಮನೆಯವರೆಲ್ಲ ಸೇರಿ ಟಾರ್ಚು ಹಿಡಿದು ಮೂರು ದಿನ ಹುಡುಕಿದ್ದರು. ನಾಲ್ಕನೆಯ ದಿನ ಅವಳು ತಲೆ ಬಾಚುವಾಗ ಸಿಕ್ಕಿತು. ಆ ಊರಿನಲ್ಲಿ ಹೇನಿನ ಬಾಚಣಿಗೆಗೆ ಸಿಕ್ಕ ಮೊದಲ ಸ್ವಿಸ್ ವಸ್ತು ಅದೇ ಇರಬೇಕು! ಅಂದಿನಿಂದ ಪರದೆ. ಹಾರಿದ್ದು ಪರದೆಯೊಳಗೇ ಬೀಳುತ್ತದೆ.

ಆದರೆ ಹಗಲಲ್ಲಿ ಪರದೆ ಕಂಡ ಬೀದಿಯವರು ಸುಮ್ಮನಿರುತ್ತಾರೆಯೇ? ಡೆಂಗ್ಯೂ ಎಂದು ಸುದ್ದಿಯಾಯಿತು. ಎದುರು ಮನೆಯಾಕೆ ಎಳನೀರು ತಂದಳು. ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದು ಬಂದು, "ಜ್ವರ ಎಷ್ಟು ದಿನದಿಂದ ಅಮ್ಮ?" ಎಂದಳು.

"ನಂಗಲ್ಲ ಕಣವ್ವ, ಇದುಕ್ಕೆ" ಎಂದು ಇವಳು ಪರದೆಯೊಳಗಿನಿಂದ ಬಿಚ್ಚಿದ ವಾಚು ತೋರಿಸಿದಳಂತೆ. ಆ ಹುಡುಗಿ ಪುಸ್ತಕ ಮುಚ್ಚಿ, ಬ್ಯಾಗಿನಿಂದ ತನ್ನ ಅಜ್ಜಿಯ ವಾಚು ತೆಗೆದುಕೊಟ್ಟು ಹೋದಳು. ಎಳನೀರನ್ನು ಇವಳೇ ಕುಡಿದಳು.

ಇಷ್ಟೆಲ್ಲ ಆದರೂ ಅವಳಿಗೆ ಒಂದು ಆಸೆ ಬಾಕಿ ಇತ್ತು.

ವಾಚಿನ ಹಿಂದಿನ ಮುಚ್ಚಳ ತೆಗೆದು ಒಳಮೈಯನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಸಣ್ಣ ಗೀಚುಗಳು ಕಾಣುತ್ತವೆ. ಒಂದು ಅಕ್ಷರ, ಒಂದು ಅಂಕಿ, ಒಂದು ಕೊಕ್ಕೆ. ಆ ವಾಚನ್ನು ಬಿಚ್ಚಿ ಸರಿಮಾಡಿದ ಪ್ರತಿಯೊಬ್ಬ ರಿಪೇರಿಯವನೂ ಸೂಜಿಯಿಂದ ಬಿಟ್ಟ ಗುರುತು ಅದು. ವಾಚು ಕಟ್ಟಿಕೊಂಡವರು ಜನ್ಮದಲ್ಲಿ ನೋಡುವುದಿಲ್ಲ, ಮುಂದೆ ಬಿಚ್ಚುವವನು ಮಾತ್ರ ನೋಡುತ್ತಾನೆ. ಮೇಷ್ಟ್ರು ಆ ಗೀಚುಗಳನ್ನು ನೋಡಿಯೇ, ಇದು ಅರಕಲಗೂಡಿನ ಇಂಥವರ ಕೈ, ಇದು ನಮ್ಮಪ್ಪನ ಕೈ ಎಂದು ಹೇಳುತ್ತಿದ್ದರು. ಇವಳು ಕೇಳಿದಳು, "ನಾನೂ ಒಂದು ಗೀಚ್ಬೋದಾ ಸಾ?"

ಮೇಷ್ಟ್ರು ಯೋಚಿಸಿ ಹೇಳಿದರು. "ಗೀಚೋದು ಸುಲಭ ಕಣಮ್ಮ. ಗೀಚಿದ ಮೇಲೆ ಅದಕ್ಕೆ ನೀವು ಜವಾಬ್ದಾರಿ. ನಿಮ್ಮ ಕೈಲಿ ಸರಿಯಾದ ವಾಚು ಒಂದು ವರ್ಷ ನಡೀಲಿ. ನಿಲ್ಲಬಾರದು, ದಿನಕ್ಕೆ ಎರಡು ನಿಮಿಷಕ್ಕಿಂತ ಹಿಂದುಮುಂದು ಆಗಬಾರದು. ಅವತ್ತು ಬಂದು ನನ್ನ ಮುಂದೇನೇ ಗೀಚಿ."

ನಾನು ಹೇಳಿದೆ, "ಒಳಗಡೆ ಯಾರು ನೋಡ್ತಾರೆ? ಮನೇಲೇ ಗೀಚ್ಕೊಳ್ಳೇ. ಹೂ ವಿಲ್ ನೋ?"

"ಕದ್ದು ಗೀಚಕೆ ನಾನೇನು ಬಸ್‌ಸ್ಟ್ಯಾಂಡ್ ಪಾಯಿಖಾನೆ ಗ್ವಾಡೆ ಮ್ಯಾಲೆ ಎಸ್ರು ಬರೆಯೋಳಾ?" ಎಂದಳು. ನನ್ನ ಇಂಗ್ಲಿಷಿಗೆ ಅಷ್ಟು ಮರ್ಯಾದೆ.

ಸರಿ, ತಾನು ಸರಿಮಾಡಿದ ವಾಚುಗಳಲ್ಲಿ ಒಳ್ಳೆಯ ಆರನ್ನು ಆರಿಸಿದಳು. ಆರು ವಾಚು, ಆರು ಜನ ಬಂಧುಗಳು, ಒಂದು ವರ್ಷ. ದಿನಾ ಬೆಳಗ್ಗೆ ಒಬ್ಬೊಬ್ಬರಿಗೇ ಫೋನು, ಏಳಕ್ಕೆ ಸರಿಯಾಗಿ ಮೊದಲು ನನಗೆ. ಗುಡ್ ಮಾರ್ನಿಂಗ್ ಇಲ್ಲ, ಕಾಫಿ ಆಯ್ತಾ ಇಲ್ಲ. "ಕೀ ಕೊಟ್ಯಾ? ಈಗ ಎಷ್ಟು ತೋರಿಸ್ತದೆ?" ಇಷ್ಟೇ. ಕೀ ಕೊಡಲು ಮರೆತರೆ ವಾಚು ನಿಲ್ಲುತ್ತದಲ್ಲ, ಅದಕ್ಕೆ.

ಮೊದಲು ಔಟಾದವರು ಅರಕಲಗೂಡಿನ ಬೀಗರು. ವಾಚು ಕಟ್ಟಿಕೊಂಡೇ ಎಮ್ಮೆ ಮೈ ತೊಳೆದರು.

"ಎಮ್ಮೆಗೆ ಟೈಮ್ ಯಾಕ್ ಬೇಕಿತ್ತು ಬೀಗ್ರೇ?"

"ಎಮ್ಮೆಗಲ್ಲ ಕಣಮ್ಮ, ನಂಗೆ. ಅದು ಎಷ್ಟೊತ್ತು ನೀರಲ್ಲೇ ಕೂತದೆ ಅಂತ ನೋಡಕೆ."

ಚನ್ನರಾಯಪಟ್ಟಣದ ಸೋದರಳಿಯ ಹೊಸ ಫೋನ್ ವಾಚು ಕೊಂಡು ಇವಳದನ್ನು ಬೀರುವಿನಲ್ಲಿ ಮಲಗಿಸಿದ್ದ. ಇವಳು ಬಸ್ ಹತ್ತಿಕೊಂಡು ಹೋಗಿ ಜಪ್ತಿ ಮಾಡಿದಳು.

"ಅತ್ತೆ, ಇದು ನಡೆದ ಎಜ್ಜೆ ಎಲ್ಲ ಎಣಿಸ್ತದೆ" ಎಂದು ಅವನು ಮಣಿಕಟ್ಟು ತೋರಿಸಿದ.

"ಇವತ್ತು ಎಷ್ಟಾಯ್ತು?"

"ನಾನೂರು."

"ನಾನೂರು ಎಜ್ಜೆಗೆ ಎಣಿಸೋರು ಬೇರೆ ಬೇಕೇನ್ಲಾ?"

ಉಳಿದವುಗಳಲ್ಲಿ ಒಂದು ಕಳೆದುಹೋಯಿತು, ಒಂದು ಬಚ್ಚಲ ಕಲ್ಲಿನ ಮೇಲೆ ಬಿತ್ತು. ಇನ್ನೊಬ್ಬಾಕೆ ಬೆಳಗಿನ ಫೋನು ತಡೆಯಲಾರದೆ ಇವಳ ನಂಬರನ್ನೇ ಬ್ಲಾಕ್ ಮಾಡಿದಳು. ಆರು ತಿಂಗಳು ಕಳೆಯುವಷ್ಟರಲ್ಲಿ ಕಣದಲ್ಲಿ ಉಳಿದದ್ದು ನನ್ನದೊಂದೇ.

ನನ್ನದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಲೇಡೀಸ್ ವಾಚು. ಕಾನ್ವೆಂಟ್ ಮುಗಿಸಿದ ವರ್ಷ ನಮ್ಮ ತಂದೆ ಕೊಡಿಸಿದ್ದು. ಆಗ ಅದನ್ನು ಕಟ್ಟಿಕೊಂಡು, ಟೈಮ್ ಕೇಳುವವರು ಯಾರಾದರೂ ಎದುರಿಗೆ ಬರಲಿ ಎಂದು ಸುಮ್ಮನೆ ಆ ಬೀದಿ ಈ ಬೀದಿ ಸುತ್ತುತ್ತಿದ್ದೆ. ಈಗ ಹಾಸನದಲ್ಲಿ ಯಾರೂ ಯಾರನ್ನೂ ಟೈಮ್ ಕೇಳುವುದಿಲ್ಲ. ಇರಲಿ. ಇವಳ ಕೈಯಲ್ಲಿ ರಿಪೇರಿಯಾದ ಮೇಲೆ ಅದು ಏಳು ತಿಂಗಳು ರಾಣಿಯ ಹಾಗೆ ನಡೆಯಿತು. ಎಂಟನೆಯ ತಿಂಗಳು ಹಿಂದೆ ಬೀಳತೊಡಗಿತು. ಮೊದಲು ದಿನಕ್ಕೆ ಐದು ನಿಮಿಷ, ಆಮೇಲೆ ಹದಿನೈದು.

ಏಳಕ್ಕೆ ಫೋನು ಬಂತು. "ಎಷ್ಟು ತೋರಿಸ್ತದೆ ಅಕ್ಕ?"

ವಾಚು ಆರೂ ಮುಕ್ಕಾಲು ತೋರಿಸುತ್ತಿತ್ತು. "ಏಳು" ಎಂದೆ.

"ಸರ್ಯಾಗಿ?"

"ಸರಿಯಾಗಿ."

ಸುಳ್ಳು ಹೇಳಿದ್ದಕ್ಕೆ ಸಿಸ್ಟರುಗಳು ನನ್ನನ್ನು ಮಂಡಿಯೂರಿಸಿ ಕೂರಿಸಿದ್ದ ನೆಲದ ತಣುಪು ಇನ್ನೂ ನೆನಪಿದೆ. ಆದರೂ ಹೇಳಿದೆ. ಆ ಪ್ರಶ್ನೆ ಕೇಳುವಾಗಿನ ಅವಳ ದನಿಯನ್ನು ನೀವು ಕೇಳಿಲ್ಲ, ಪರೀಕ್ಷೆಯ ರಿಸಲ್ಟ್ ಕೇಳುವವರ ದನಿ ಅದು. ಅಂದಿನಿಂದ ನಾನು ದಿನಾ ಏಳಕ್ಕೆ ಹತ್ತು ನಿಮಿಷ ಇರುವಾಗ ಮೊಬೈಲ್ ನೋಡಿಕೊಂಡು ಮುಳ್ಳು ತಿದ್ದಿ, ಫೋನಿಗೆ ಕಾಯುತ್ತಿದ್ದೆ. ಅವಳು ಮನೆಗೆ ಬಂದಾಗಲೂ ರೈಲು ಬರುವ ಮೊದಲೇ ತಿದ್ದುತ್ತಿದ್ದೆ. ಎರಡು ಗಂಟೆಯಲ್ಲಿ ಒಂದು ನಿಮಿಷ ಹಿಂದೆ ಬಿದ್ದರೆ ಯಾರಿಗೆ ಕಾಣುತ್ತದೆ? ಹನ್ನೊಂದನೆಯ ತಿಂಗಳು ಎದೆ ಹಿಡಿದುಕೊಂಡಂತಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಅಲ್ಲಿಗೂ ಏಳಕ್ಕೆ ಫೋನು.

"ಕೀ ಕೊಟ್ಯಾ?"

"ಆಸ್ಪತ್ರೆ ಕಣೇ ಇದು. ವಾಚು ಬಿಚ್ಚಿಸಿದ್ದಾರೆ."

"ಬಿಚ್ಚುಸುದ್ರೇನು? ದಿಂಬಿನ ಪಕ್ಕ ಮಡಿಕ್ಕೊಂಡು ಕೊಡು."

ಹೊದಿಕೆಯ ಒಳಗೇ ಕೀ ಕೊಟ್ಟು, ಮುಳ್ಳನ್ನೂ ತಿದ್ದಿದೆ. ಎಂಥ ಕಲ್ಲೆದೆಯ ಹೆಂಗಸು ಎಂದುಕೊಳ್ಳುತ್ತಿದ್ದೆ. ಹತ್ತು ಗಂಟೆಗೆ ನೋಡಿದರೆ ರಾಗಿ ಗಂಜಿಯ ಕ್ಯಾರಿಯರ್ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಳೆ.

ವರ್ಷ ತುಂಬಿದ ದಿನ ಮೊದಲ ರೈಲಿಗೇ ಬಂದಳು. ಮಡಿಕೆ ಮುರಿಯದ ಸೀರೆ. ಕರ್ಚೀಫಿನಲ್ಲಿ ಸುತ್ತಿದ ಒಂದು ಗಟ್ಟಿ ಉಕ್ಕಿನ ಸೂಜಿ. ಮೇಷ್ಟ್ರ ಅಂಗಡಿಗೆ ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವಳು ಸೂಜಿಯಿಂದ ಗಾಳಿಯಲ್ಲಿ ಏನೋ ಬರೆಯುತ್ತಿದ್ದಳು. ನಾನು ವಾಚಿನ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

ಮೇಷ್ಟ್ರು ನನ್ನ ವಾಚಿನ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟರು. ಅವಳು ಲಾಡಿ ಬಿಗಿದು, ಭೂತಗನ್ನಡಿ ಸರಿಮಾಡಿಕೊಂಡು, ಸೂಜಿ ಎತ್ತಿದಳು. ಎಪ್ಪತ್ತೆರಡರ ಆ ಕೈ ಒಂದಿಷ್ಟೂ ಅಲುಗಲಿಲ್ಲ.

"ಬೇಡ ಕಣೇ, ನಿಲ್ಲು" ಎಂದೆ.

ಎಲ್ಲ ಹೇಳಿದೆ. ಮೇಷ್ಟ್ರು ನೋಡಬಾರದ್ದನ್ನು ನೋಡಿದವರಂತೆ ಪೇಪರಿನೊಳಗೆ ಮುಖ ಹುದುಗಿಸಿದರು. ಅವಳು ಭೂತಗನ್ನಡಿ ತೆಗೆಯದೆ ಆ ಒಂದು ದಪ್ಪ ಕಣ್ಣಿನಿಂದಲೇ ನನ್ನನ್ನು ನೋಡಿದಳು.

"ದಿನಕ್ಕೆ ಎಷ್ಟು?"

"ಹದಿನೈದು ನಿಮಿಷ."

"ಎಷ್ಟು ತಿಂಗ್ಳಿಂದ?"

"ಐದು."

"ಎಣ್ಣೆ ಒಣಗೋಗದೆ" ಎಂದಳು. "ಒಣಗಿದ್ ಮ್ಯಾಲೂ ಓಡಿದ್ರೆ ಒಳಗೆ ತೇಯ್ದೋಯ್ತದೆ. ನೀನು ಅವತ್ತೇ ಯೋಳಿದ್ರೆ ಒಂದು ತೊಟ್ಟು ಬುಟ್ಟು ಸರಿಮಾಡ್ತಿದ್ದೆ. ನಂಗೆ ಬೇಜಾರಾಯ್ತದೆ ಅಂತ ವಾಚ್ನೇ ಸಾಯಿಸ್ತಿದ್ಯಲ್ಲಕ್ಕ. ಕಾನ್ವೆಂಟಲ್ಲಿ ಇದ್ನೇ ಕಲ್ಸಿದ್ದಾ?"

ಅಲ್ಲ ಎಂದು ತಲೆಯಾಡಿಸಿದೆ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಇನ್ನೇನು ಮಾಡಲಿ?

ಮೇಷ್ಟ್ರು ಪೇಪರ್ ಇಳಿಸಿದರು. "ಗೀಚಿ ಅಮ್ಮ. ಏಳು ತಿಂಗಳು ಸರಿಯಾಗಿ ಓಡಿದೆಯಲ್ಲ. ಅಷ್ಟೂ ಓಡದೇ ಇರೋದಕ್ಕೆ ನಾನೇ ಎಷ್ಟೋ ಸಲ ಗೀಚಿದ್ದೀನಿ."

"ಬ್ಯಾಡಿ ಸಾ. ವರ್ಸ ಅಂದ್ರೆ ವರ್ಸ."

ಮೇಷ್ಟ್ರು ಎದ್ದು, ತಮ್ಮ ಕುರ್ಚಿಯನ್ನು ಪಂಚೆಯ ಅಂಚಿನಿಂದ ಒರೆಸಿ, ಅವಳನ್ನು ಅದರಲ್ಲಿ ಕೂರಿಸಿ, ತಾವು ಹೊರಗೆ ನಮ್ಮ ಬಚ್ಚಲಿನ ಸ್ಟೂಲಿನ ಮೇಲೆ ಕೂತರು. ಅವಳು ನನ್ನ ವಾಚನ್ನು ಪೂರಾ ಬಿಚ್ಚಿದಳು, ತೊಳೆದಳು, ಸೂಜಿಮೊನೆಯಷ್ಟು ಎಣ್ಣೆಯನ್ನು ಅಲ್ಲಲ್ಲಿಗೆ ಬಿಟ್ಟಳು. ಊಟದ ಹೊತ್ತು ಮೀರಿತು. ಕಡೆಗೆ ಮುಚ್ಚಳ ಒತ್ತಿ, ಕಿವಿಗೆ ಹಿಡಿದು, ನನ್ನ ಕಡೆ ಚಾಚಿದಳು.

"ಇವತ್ತಿಂದ ಇನ್ನೊಂದು ವರ್ಸ."

"ಯಾರಾದ್ರೂ ಚಿಕ್ಕವರಿಗೆ ಕೊಡೇ" ಎಂದೆ. "ನಾನು ಇನ್ನೊಂದು ವರ್ಷ ಇರ್ತೀನೋ ಇಲ್ವೋ."

"ಇರ್ದೆ ಎಲ್ಲೋಯ್ತೀಯ?" ಎಂದಳು, ರೇಗಿ. "ವರ್ಸ ತುಂಬೋಗಂಟ ನೀನು ಎಲ್ಲೂ ಓಗಂಗಿಲ್ಲ. ಕೈ ಕೊಡು."

ಕೊಟ್ಟೆ. ಅವಳೇ ಕಟ್ಟಿದಳು. ಕಡೆಯ ತೂತಿಗೆ ಸಿಕ್ಕಿಸಿದರೂ ವಾಚು ಮಣಿಕಟ್ಟಿನ ಸುತ್ತ ತಿರುಗಿ ಕೆಳಕ್ಕೆ ಜಾರಿತು. ಆಸ್ಪತ್ರೆಯಿಂದ ಬಂದ ಮೇಲೆ ಹಾಗೇ ಆಗಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ಅವಳು ನನ್ನ ಮಣಿಕಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅಳತೆ ನೋಡಿದಳು. ಆಮೇಲೆ ಗುರುತು ಗೀಚಲು ತಂದಿದ್ದ ಆ ಸೂಜಿಯನ್ನೇ ಕರ್ಚೀಫಿನಿಂದ ತೆಗೆದು, ಪಟ್ಟಿಗೆ ಚುಚ್ಚಿ, ತಿರುಗಿಸಿ ತಿರುಗಿಸಿ ಹೊಸದೊಂದು ತೂತು ಮಾಡಿ, ಎಳೆದು ಕಟ್ಟಿದಳು.

"ಬಿಗಿ ಆಯ್ತಾ?"

"ಸ್ವಲ್ಪ" ಎಂದೆ.

"ಇರ್ಲಿ" ಎಂದಳು. "ಬೀಳ್ಬಾರ್ದು."