ಅತ್ತೆ ನುಂಗಿದ ಸ್ಟೀರಾಯ್ಡ್ ಮಾತ್ರೆ

ಕಾಯಿಲೆಯವರಿರುವ ಮನೆಯಲ್ಲಿ ನಗು ಇರುವುದಿಲ್ಲ ಎನ್ನುವವರು ಕೊಳ್ಳೇಗಾಲದ ನಮ್ಮ ಬೀದಿಗೆ ಒಮ್ಮೆ ಬರಲಿ. ಅತ್ತೆಗೆ ಮಾತ್ರೆ ಶುರುವಾದಾಗಿನಿಂದ ನಮ್ಮಲ್ಲಿ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇದೆ. ಮಾತ್ರೆಯಷ್ಟೇ ನಿಯಮದ ಪ್ರಕಾರ!

1. ತಪ್ಪು ತಿಳಿದ ಕಾವಲು

ಅತ್ತೆಯ ಬೆರಳ ಗೆಣ್ಣುಗಳು ಊದಿಕೊಂಡು ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ. ಎಣ್ಣೆ, ಶಾಖ, ಕಷಾಯ ಎಲ್ಲ ಮುಗಿದ ಮೇಲೆ ಮೈಸೂರಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಓದಿದ್ದು ಹತ್ತನೇ ಕ್ಲಾಸಾದರೂ ಕೇಳುವುದಕ್ಕೆ ನನಗೇನು ಸಂಕೋಚ? ಮಗುವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಇದು ಯಾಕೆ ಬತ್ತದೆ ಸಾ?" ಎಂದೆ.

"ರೋಗ ಬರದ ಹಾಗೆ ಮೈಯೊಳಗೊಂದು ಕಾವಲು ಇರುತ್ತಮ್ಮ. ಇವರಲ್ಲಿ ಆ ಕಾವಲೇ ತಪ್ಪು ತಿಳಿದು ಸ್ವಂತ ಕೀಲುಗಳ ಮೇಲೆ ಬಿದ್ದಿದೆ. ಈ ಮಾತ್ರೆ ಅದನ್ನು ತಣ್ಣಗೆ ಮಾಡುತ್ತೆ, ನೋವು ಇಳಿಯುತ್ತೆ. ಆದರೆ ಕಾವಲು ತೂಕಡಿಸಿದರೆ ಹೊರಗಿನ ರೋಗ ಸಲೀಸಾಗಿ ಒಳಗೆ ಬರುತ್ತೆ. ಕೆಮ್ಮು ಜ್ವರದವರನ್ನು ಹತ್ತಿರ ಸೇರಿಸಬೇಡಿ. ನನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ, ಸಿಡುಬಿನ ದಾಕೂ ಹಾಕಿಸಬೇಡಿ. ಜೀವಕ್ಕೇ ಬಂದೀತು."

ಅತ್ತೆ ಕಣ್ಣರಳಿಸಿದರು. "ಒರಗಿನೋರ್ನ ಬುಟ್ಟು ಮನೇಲಿರೋರ್ಗೇ ಒಡೀತದಾ ಸಾ? ಅಂಗಾರೆ ಅದು ನನ್ ಗಂಡನ ಕಡೇದೇ ಕಣ್ರಿ!"

ಬಾಗಿಲ ಹೊರಗೆ ಕೂತಿದ್ದ ಮಾವ ಬಸ್ಸಿನಲ್ಲಿ ಊರು ಸೇರುವವರೆಗೂ ಬೇರೆ ಸೀಟಿನಲ್ಲೇ ಕೂತಿದ್ದರು.

2. ತುಂಬಿದ ಮುಖ

ಮಾತ್ರೆ ಕೆಲಸ ಮಾಡಿತು. ಅತ್ತೆ ತಾವೇ ಕೋಲು ಹಿಡಿದು ಮುದ್ದೆ ತಿರುವಿದ ದಿನ ನಾನು ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಆದರೆ ಅದರ ಜೊತೆ ಹಸಿವೂ ಬಂತು. ತಿರುವಿದ ಮುದ್ದೆಯೆಲ್ಲ ಅವರಿಗೇ ಸಾಲದು. ಮುಖ ಊದಿ ಗುಂಡಗಾಯಿತು. ಕೈಕಾಲು ಹಾಗೇ ಇದ್ದು ಮುಖ ಮಾತ್ರ ಏಕೆ ತುಂಬುತ್ತದೆ ಎಂದು ನಾನು ದಿನವೂ ಅವರನ್ನೇ ನೋಡುತ್ತ ಕೂರುತ್ತಿದ್ದೆ.

ನಲ್ಲಿ ಹತ್ತಿರ ನನಗೆ ಒಳ್ಳೆಯ ಹೆಸರು ಬಂತು. "ಅತ್ತೇನ ಎಂಗ್ ಸಾಕವ್ಳೆ ನೋಡ್ರಮ್ಮಿ!" ಊತಕ್ಕೆ ಸಿಕ್ಕಿದ ಹೊಗಳಿಕೆಯನ್ನು ನಾನೇಕೆ ಬೇಡ ಎನ್ನಲಿ?

ಒಂದು ದಿನ ಎದುರು ಮನೆಯಾಕೆ ಸೆರಗು ಮುಚ್ಚಿಕೊಂಡು ಬಂದಳು. ಯಳಂದೂರಿನಿಂದ ಅವಳ ಮಗಳನ್ನು ನೋಡಲು ಬರುತ್ತಿದ್ದರಂತೆ. ಹುಡುಗಿ ಕಡ್ಡಿ. "ನಿಮ್ಮತ್ತೆ ಮಾತ್ರೇಲಿ ಒಂದೀಟು ಕೊಡವ್ವ, ಕೆನ್ನೆ ತುಂಬ್ಕಳ್ಲಿ."

"ಅದೇನು ತುಪ್ಪಾನೇನಕ್ಕ? ಕೀಲು ನೆಟ್ಟಗಿರೋರು ತಿಂದ್ರೆ ಇಲ್ಲದ ರೋಗ ಬತ್ತದೆ. ಹೆಂಗಸರಿಗೆ ಮೀಸೇನೂ ಬತ್ತದಂತೆ!"

ಆಕೆ ದನಿ ತಗ್ಗಿಸಿದಳು. "ಬರ್ಲಿ ಬುಡವ್ವ. ಗಂಡಿಗಂತೂ ಮೀಸೆ ಇಲ್ಲ. ಇವ್ಳಿಗಾದ್ರೂ ಇರ್ಲಿ."

ಕೊಡಲಿಲ್ಲ. ಆ ಹುಡುಗಿಯ ಮದುವೆ ಕಡ್ಡಿಯಾಗಿಯೇ ನಡೆಯಿತು.

3. ಬೇವಿನ ಸೊಪ್ಪು

ಚಳಿಗಾಲ ಬಂತು, ಊರಿಗೆಲ್ಲ ಕೆಮ್ಮು ಬಂತು. ನನಗೆ ಅತ್ತೆಯದೇ ಚಿಂತೆ. ನಮ್ಮ ನೆಂಟರಿಗೋ, ಕಾಯಿಲೆಯವರನ್ನು ನೋಡುವುದೆಂದರೆ ಚಾಪೆಯಲ್ಲೇ ಕೂತು, ಕೈ ಹಿಡಿದು, ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು, ಕೆಮ್ಮಬೇಕು. ಬರಬೇಡಿ ಎಂದರೆ ಸೊಸೆ ಬಜಾರಿ.

ಅದಕ್ಕೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಮೈಮೇಲೆ ಅಮ್ಮ, ಅಂದರೆ ಸಿಡುಬು, ಎದ್ದ ಮನೆಗೆ ಕಟ್ಟುತ್ತಾರಲ್ಲ, ಹಾಗೆ. ಅದನ್ನು ಕಂಡವರು ಹೊಸಿಲು ದಾಟುವುದಿಲ್ಲ. ಅತ್ತೆ ಒಳಗಿನಿಂದಲೇ ಕೈ ಮುಗಿದರು: "ಮಾರವ್ವ, ಇದು ಸೊಸೆ ಕೆಲ್ಸ. ಏನಿದ್ರೂ ಅವ್ಳನ್ನೇ ಕೇಳ್ಕೊ ತಾಯಿ!"

ಉಪಾಯ ಫಲಿಸಿತು. ಮುಳ್ಳೂರಿನ ನೆಂಟರು ಬಂದು, ಅಮ್ಮನ ತಂಪಿಗೆಂದು ಜಗಲಿಯ ಮೇಲೆ ಮೊಸರನ್ನ, ಎಳನೀರು ಇಟ್ಟು, ದೂರದಿಂದಲೇ ಕೆಮ್ಮಿ ಹೋದರು. ಮಾತ್ರೆಯ ಹಸಿವಿಗೆ ಅತ್ತೆ ಎಲ್ಲವನ್ನೂ ಖಾಲಿ ಮಾಡಿದರು.

ಆದರೆ ಸೊಪ್ಪಿನ ಸುದ್ದಿ ದಾಕು ಹಾಕುವವರಿಗೂ ಮುಟ್ಟಿತು. ಸಿಡುಬಿನ ಗುಮಾನಿಯ ಮೇಲೆ ಚೀಲ ಹೆಗಲಿಗೇರಿಸಿಕೊಂಡು ಒಬ್ಬರು ಬಂದೇಬಿಟ್ಟರು. ಅತ್ತೆ ಮೊಸರನ್ನದ ಪಾತ್ರೆ ಬಳಿಯುತ್ತಿದ್ದರು. ಮೈಮೇಲೆ ಒಂದು ಗುಳ್ಳೆಯೂ ಇಲ್ಲ.

"ಕೈ ಚಾಚಿ ಅಜ್ಜಿ," ಎಂದರು ಆತ.

ನಡುವೆ ಹೋಗಿ ನಿಂತೆ. ಮಾತ್ರೆ, ಕಾವಲು, ಡಾಕ್ಟರ ಎಚ್ಚರಿಕೆ, ನನ್ನ ಸೊಪ್ಪಿನ ಸುಳ್ಳು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ದಾಕು ಅಂದ್ರೆ ತಪ್ಪಿಸ್ಕೊಳ್ಳೋಕೆ ಮನೆಗೊಂದು ಕತೆ," ಎಂದು ಆತ ನಕ್ಕರು. ಆಮೇಲೆ ಅತ್ತೆಯ ಗುಂಡು ಮುಖ, ಸೊಟ್ಟಗಾದ ಬೆರಳು ನೋಡಿ ಚೀಲ ಮುಚ್ಚಿದರು. "ನಮ್ಮ ಡಾಕ್ಟರನ್ನ ಕೇಳದೆ ಹಾಕಲ್ಲಮ್ಮ. ಆದ್ರೆ ಆ ಸೊಪ್ಪು ತೆಗೆದು ಹಾಕಿ."

"ತೆಗುದ್ರೆ ಕೆಮ್ಮೋರು ಬತ್ತಾರಲ್ಲ ಸಾ?"

ಉತ್ತರ ಹೇಳುವ ಮೊದಲೇ ಹೂಗ್ಯದ ನೆಂಟರ ಗುಂಪು ಕೆಮ್ಮುತ್ತ ಬಂತು. ಮುಂದಿದ್ದ ಹೆಂಗಸಿನ ತಲೆಯ ಮೇಲೆ ಮೊಸರನ್ನದ ದೊಡ್ಡ ಪಾತ್ರೆ. ಜಗಲಿಯಲ್ಲಿ ಚೀಲ ಹಿಡಿದು ನಿಂತವರನ್ನು ಕಂಡದ್ದೇ, "ಅಯ್ಯಯ್ಯೋ, ದಾಕ್ನೋನು ಕಣ್ರಪ್ಪೋ!" ಎಂದು ಎಲ್ಲರೂ ಬಂದ ದಾರಿಗೇ ಓಟ ಕಿತ್ತರು. ಕ್ಷಣದಲ್ಲಿ ಬೀದಿಯೇ ಖಾಲಿ.

ನನಗೆ ಬಹಳ ಸಂತೋಷವಾಯಿತು. "ಸಾ, ನಿಮ್ಮ ಹಳೇ ಚೀಲ ಇದ್ರೆ ಒಂದು ಕೊಡಿ. ಸೊಪ್ಪು ಬಿಚ್ಚಿ ಅದನ್ನೇ ನೇತಾಕ್ತೀನಿ."

ಅತ್ತೆ ಒಳಗಿನಿಂದ ಕೂಗಿದರು: "ಚೀಲ ಗೀಲ ಏನೂ ಬ್ಯಾಡ ಕಣಮ್ಮಿ, ಸೊಪ್ಪೇ ಇರ್ಲಿ! ಸೊಪ್ಪು ಕಂಡೋರು ಮೊಸರನ್ನ ಇಟ್ಬುಟ್ಟು ಓಡ್ತಾರೆ. ಈ ದಾಕ್ನೋನ ಕಂಡೋರು ಎತ್ಕಂಡೇ ಓಡೋದ್ರಲ್ಲೇ!"