ಚನ್ನವೀರೇಗೌಡರ ಜಿಹ್ವಾವಿಜಯ

ಸ್ವಸ್ತಿ. ಷಡ್ರಸಗಳಿಗೆ ಒಡತಿಯಾಗಿ, ಮೂವತ್ತೆರಡು ದಂತಗಳ ಶ್ವೇತದುರ್ಗದೊಳಗೆ ಸಿಂಹಾಸನಾರೂಢೆಯಾಗಿರುವ ಜಿಹ್ವಾದೇವಿಯೇ, ಈ ಬಡ ಕಥೆಗಾರನ ಬಾಯಿಗೂ ಒಮ್ಮೆ ಬಂದು ಹೋಗು. ಕಾಫಿಯ ಹಣ್ಣು ಕೆಂಪೇರಿ, ಅದನ್ನು ಕೊಯ್ಯುವವರು ಸಿಗದೆ ಪ್ಲಾಂಟರುಗಳ ಮುಖವೂ ಕೆಂಪೇರಿದ್ದ ಆ ಧನ್ಯ ಮಾರ್ಗಶಿರದಲ್ಲಿ, ಹೇಮಾವತೀತೀರದ ಹಳೆಯ ಕ್ಲಬ್ಬೊಂದರ ಬಿಲಿಯರ್ಡ್ಸ್ ಮೇಜೆಂಬ ಹಸಿರು ರಣರಂಗದ ಮೇಲೆ, ಭಾನುವಾರ ಬೆಳಗಿನ ಹನ್ನೊಂದು ಗಂಟೆಗೆ ನಡೆದ ಘೋರಸಂಗ್ರಾಮವನ್ನು ನಾನು ಹೇಳಬೇಕಾಗಿದೆ. ಮೇಜಿನ ಬಟ್ಟೆ ಎರಡು ಕಡೆ ಹರಿದಿತ್ತು.

ಆ ಯುಗದ ವೀರನು ಯಾರೆಂದರೆ, ಕಾಫಿಬೀಜ ಹಸನುಮಾಡುವ ಕ್ಯೂರಿಂಗ್ ವರ್ಕ್ಸೊಂದರಲ್ಲಿ ನಲವತ್ತೊಂದು ಸಂವತ್ಸರಗಳ ಕಾಲ ಟೇಸ್ಟರ್ ಪದವಿಯನ್ನಲಂಕರಿಸಿದ, ಅರೇಬಿಕಾಮರ್ಮಭೇದಕನೂ ರೋಬಸ್ಟಾಗರ್ವಭಂಜಕನೂ ಕಲಬೆರಕೆಕುಲಕಾಲಾಂತಕನೂ ಆದ ಶ್ರೀಮಾನ್ ಚನ್ನವೀರೇಗೌಡರು. ಒಂದು ಚಮಚ ಕಷಾಯ ಬಾಯಿಗೆ ಬಿದ್ದರೆ ಸಾಕು, ಅದು ಯಾವ ತೋಟದ್ದು, ಯಾವ ಇಳಿಜಾರಿನದು, ಒಣಹಾಕಿದ ಕಣದಲ್ಲಿ ಯಾರ ಮನೆಯ ಮೇಕೆ ಓಡಾಡಿತ್ತು ಎಂಬುದನ್ನೂ ಹೇಳುತ್ತಿದ್ದರೆಂದು ಪ್ರತೀತಿ. ಮೇಕೆಯ ಮಾತು ಸ್ವಲ್ಪ ಉತ್ಪ್ರೇಕ್ಷೆ, ಉಳಿದದ್ದು ನಿಜ.

ಆದರೆ ನಿವೃತ್ತಿಯ ಮರುವರ್ಷ ಒಂದು ಜ್ವರ ಬಂತು. ಹೋಗುವಾಗ ಅದು ಗೌಡರ ರುಚಿಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಆರು ತಿಂಗಳು ಅವರಿಗೆ ಉಪ್ಪಿನಕಾಯಿಯೂ ಮಣ್ಣು, ಹೋಳಿಗೆಯೂ ಮಣ್ಣು. ಈಚೆಗೆ ಏನೋ ಒಂದಿಷ್ಟು ಮರಳಿದಂತಿತ್ತು. ಮರಳಿದ್ದು ರುಚಿಯೋ ಬರೀ ಆಸೆಯೋ ತಿಳಿಯದೆ, ಪರೀಕ್ಷಿಸುವ ಧೈರ್ಯವೂ ಸಾಲದೆ, ಆ ಕಲಬೆರಕೆಕುಲಕಾಲಾಂತಕರು ಒಳಗೊಳಗೇ ಕುಗ್ಗಿಹೋಗಿದ್ದರು. ಹೆಂಡತಿಗೂ ಹೇಳಿರಲಿಲ್ಲ. ನಾಲಿಗೆ ಇಲ್ಲದ ಚನ್ನವೀರೇಗೌಡನೆಂದರೆ ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಇಂಥ ಸಮಯ ನೋಡಿಯೇ ಪ್ರತಿವೀರನು ಎದ್ದನು. ಆತನೇ ಎಂಟು ದಿನಗಳ ಪ್ಯಾಕೇಜ್ ಟೂರಿನಲ್ಲಿ ಸ್ಕಾಟ್‌ಲೆಂಡನ್ನು ದಿಗ್ವಿಜಯ ಮಾಡಿಬಂದ, ಅಂದಿನಿಂದ ಬಿಸಿಲಲ್ಲೂ ಉಣ್ಣೆಯ ಟೋಪಿ ತೆಗೆಯದ ಹಿರಿಯಣ್ಣ. ಆತನ ಬಳಿ ಒಂದು ಬಾಟಲಿಯಿತ್ತು. ನಲವತ್ತೆರಡು ವರ್ಷ ಶೆರ್ರಿ ಪೀಪಾಯಿಯ ಗರ್ಭದಲ್ಲಿ ತಪಸ್ಸು ಮಾಡಿ, ದ್ರಾಕ್ಷಾಖರ್ಜೂರಗಂಧಬಂಧುರವಾಗಿ ಅವತರಿಸಿದ ಸಿಂಗಲ್ ಮಾಲ್ಟ್ ವಿಸ್ಕಿ. ಬಂಧುಬಳಗದ ದಾಳಿಗೆ ಸಿಕ್ಕು ಅದರಲ್ಲೀಗ ಮೂರೇ ಮೂರು ಗುಟುಕು ಉಳಿದಿತ್ತು. ಗೌಡರ ನಾಲಿಗೆಯೂ ಅವರ ಜೊತೆಗೇ ರಿಟೈರಾಗಿದೆಯೆಂದು ಹಿರಿಯಣ್ಣ ಕ್ಲಬ್ಬಿನ ತುಂಬ ಸಾರಿದ್ದ. ಅಲ್ಲವೆಂದರೆ ಬರಲಿ, ಇಬ್ಬರ ಮುಂದೆಯೂ ಮೂರು ಮೂರು ಗ್ಲಾಸು ಒಂದೇ ಕ್ರಮದಲ್ಲಿ ಇಡಿಸುತ್ತೇನೆ, ಎರಡರಲ್ಲಿ ಸಾಧಾರಣ ಎಳೆಯ ಸರಕು, ಒಂದರಲ್ಲಿ ಮಾತ್ರ ಈ ವೃದ್ಧಮುನಿ, ಯಾವುದೆಂದು ಹೇಳಲಿ ಎಂದು ಪಂಥ ಕಟ್ಟಿದ.

ತೀರ್ಪಿಗೆ ಕೂತವರು ಕ್ಲಬ್ಬಿನ ಕಾರ್ಯದರ್ಶಿಯೂ ದನದ ಡಾಕ್ಟರೂ ಆದ ಲಲಿತಾಂಬ. ಮೂರನೆಯ ಗುಟುಕು ಅವರ ಗೌರವಧನ. ಒಳಕೋಣೆಯಲ್ಲಿ ಗುಟ್ಟಾಗಿ ಸುರಿದು ತಂದವನು ಬಟ್ಲರ್ ಮೊಣ್ಣಪ್ಪ.

ವೀರರು ಮೊದಲು ಮಾತಿನ ಬಾಣ ಬಿಟ್ಟರು.

"ನಾನು ಅಲ್ಲೇ ಹೋಗಿ ಪೀಪಾಯಿ ತಟ್ಟಿ ಬಂದೋನು ಗೌಡ್ರೆ," ಎಂದ ಹಿರಿಯಣ್ಣ. "ಮೂಗಿಗೆ ಒಣದ್ರಾಕ್ಷಿ, ನಾಲಿಗೆಗೆ ಅಂಜೂರ, ಗಂಟಲಿಗೆ ಇಳಿಯೋವಾಗ ಹಳೇ ಅರಮನೆ ಬಾಗಿಲು ತೆಗೆದಂಗೆ. ಇದು ನಿಮ್ಮ ಡಿಕಾಕ್ಷನ್ ಅಲ್ಲ."

ಗೌಡರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ನೋಡಯ್ಯ, ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ನಾನು ಚೆರ್ರಿ ಚಪ್ಪರಿಸ್ತಿದ್ದೆ. ನಲವತ್ತೆರಡು ವರ್ಷ ಚೆರ್ರಿ ಪೀಪಾಯೀಲಿ ಮಲಗಿದ್ದೋನು ನನ್ನ ಬಾಯಿಗೆ ಬಂದು ಗುರುತು ಸಿಗದೆ ಹೋದ್ರೆ, ನಾಳೆಯಿಂದ ನಾನು ಟೀ ಕುಡೀತೀನಿ."

ಸಭೆ ನಡುಗಿತು. ಆ ಸೀಮೆಯಲ್ಲಿ ಅಂಥ ಭೀಷಣ ಪ್ರತಿಜ್ಞೆಯನ್ನು ಯಾರೂ ಕೇಳಿರಲಿಲ್ಲ.

ಇಲ್ಲೊಂದು ಮಾತು. ಶೆರ್ರಿಯೆಂದರೆ ಸ್ಪೇನ್ ದೇಶದ ದ್ರಾಕ್ಷಿಯ ಮದ್ಯ. ಚೆರ್ರಿಯೆಂದರೆ ನಮ್ಮ ಕಾಫಿಯವರ ಭಾಷೆಯಲ್ಲಿ, ಸಿಪ್ಪೆ ಸುಲಿಯದೆ ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿದ ಕಾಫಿ. ಸ್ಕಾಟ್‌ಲೆಂಡಿನವರು ಕಾಫಿ ತುಂಬಿದ ಪೀಪಾಯಿಯಲ್ಲಿ ವಿಸ್ಕಿ ಮಲಗಿಸುತ್ತಾರೆಂದು ಗೌಡರು ಮನಸಾರೆ ನಂಬಿದ್ದರು, ಆ ದೇಶದ ಮೇಲೆ ಅವರಿಗೆ ಗೌರವವೂ ಹೆಚ್ಚಾಗಿತ್ತು. ಡಾಕ್ಟರಮ್ಮ ಕೇಕಿನ ಮೇಲಿಡುವ ಹಣ್ಣೆಂದು ತಿಳಿದರು. ದಿಗ್ವಿಜಯಿ ಹಿರಿಯಣ್ಣನಿಗೆ ವ್ಯತ್ಯಾಸವೇ ಕೇಳಿಸಲಿಲ್ಲ.

ಮೊದಲ ಸರದಿ ಆತನದು. ಗ್ಲಾಸು ತಿರುಗಿಸಿ, ಬೆಳಕಿಗೆ ಹಿಡಿದು, ಕಣ್ಣು ಮುಚ್ಚಿ, ಮೂರನ್ನೂ ಗಂಟಲಿಗಿಳಿಸಿ, ಎರಡನೆಯದೇ ಎಂದು ಚೀಟಿಯಲ್ಲಿ ಬರೆದುಕೊಟ್ಟ.

ಆಮೇಲೆ ಗೌಡರು ಎದ್ದರು. ಮೊದಲನೆಯದನ್ನು ಮೂಸಿ ಕೆಳಗಿಟ್ಟರು. ಎರಡನೆಯದನ್ನೂ ಇಟ್ಟರು. ಮೂರನೆಯದು ಮೂಗಿನ ಹತ್ತಿರ ಬಂದಾಗ ಅವರ ಉಸಿರು ನಿಂತಿತು. ಗ್ಲಾಸಿನಲ್ಲಿದ್ದಷ್ಟನ್ನೂ ಒಮ್ಮೆಗೇ ಸುರ್ರೆಂದು ಬಾಯಿಗೆಳೆದರು; ಆ ಸಿಂಹನಾದಕ್ಕೆ ಕಿಟಕಿಯ ಪಾರಿವಾಳಗಳು ಹಾರಿಹೋದವು.

ಬಂದವು. ಒಣದ್ರಾಕ್ಷಿ ಬಂತು, ಖರ್ಜೂರ ಬಂತು, ಒಣಗಿದ ಕಿತ್ತಳೆ ಸಿಪ್ಪೆಯ ಕಹಿ, ಜೋನಿಬೆಲ್ಲದ ಮಂದಸಿಹಿ, ಹಳೆಯ ಮರದ ಪೆಟ್ಟಿಗೆಯ ಒಗರು, ಎಲ್ಲವೂ ವರ್ಷಗಟ್ಟಲೆ ಮಾತುಬಿಟ್ಟಿದ್ದ ನೆಂಟರ ಹಾಗೆ ಒಬ್ಬರ ಹಿಂದೊಬ್ಬರು ಒಳಗೆ ಬಂದು ಕೂತವು. ಕಣದಲ್ಲಿ ಹಣ್ಣಾಗಿಯೇ ಒಣಗಿದ ಚೆರ್ರಿಯಲ್ಲೂ ಇದೇ ನೆರಳಿತ್ತು. ತಪ್ಪು ದಾರಿಯಲ್ಲಿ ಹೊರಟ ಗೌಡರು ಸರಿಯಾದ ಮನೆಗೇ ತಲುಪಿದ್ದರು. ನಾಲಿಗೆ ಬದುಕಿತ್ತು. ಅವರ ಕಣ್ಣು ತುಂಬಿತು, ಅದನ್ನು ಮುಚ್ಚಿಡಲೂ ಅವರು ಹೋಗಲಿಲ್ಲ.

ಕಾಫಿಯ ರುಚಿ ನೋಡುವವನು ನುಂಗುವುದಿಲ್ಲ. ದಿನಕ್ಕೆ ಇನ್ನೂರು ಬಟ್ಟಲು. ನುಂಗಿದರೆ ವಾರಕ್ಕೆ ಸಾಯುತ್ತಾನೆ. ಎಳೆಯುವುದು, ಹೊರಳಿಸುವುದು, ಉಗುಳುವುದು. ನಲವತ್ತೊಂದು ವರ್ಷ ಇದೇ ಕಸುಬು ಮಾಡಿದ ಆ ಪವಿತ್ರ ವದನವು, ಯಜಮಾನನ ಅಪ್ಪಣೆಗೂ ಕಾಯದೆ, ಮೂಲೆಯಲ್ಲಿದ್ದ ಹಿತ್ತಾಳೆಯ ಪೀಕದಾನಿಗೆ ಎಂಟಡಿ ದೂರದಿಂದ ನೇರ ಧಾರೆ ಹೊಡೆಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

"ಮೂರನೇದು," ಎಂದರು ಗೌಡರು.

ಹೌದೆಂದು ಮೊಣ್ಣಪ್ಪ ತಲೆಯಾಡಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಪೀಕದಾನಿಯನ್ನೇ ನೋಡುತ್ತಿದ್ದರು. ಗೌಡರೂ ನೋಡಿದರು, ಆಮೇಲೆ ಗ್ಲಾಸು ನೋಡಿದರು. ಮೊಣ್ಣಪ್ಪ ಕೇಳದೆಯೇ ಬಾಟಲಿ ತಂದು ಬೋರಲು ಹಿಡಿದು ತೋರಿಸಿದ. ಡಾಕ್ಟರಮ್ಮ ತಮ್ಮ ಪಾಲನ್ನು ಆಗಲೇ ಮುಗಿಸಿ, ಸಂಕೋಚದಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಜಿಹ್ವಾವಿಜಯಿಗಳು ಸೋತ ವೈರಿಯ ಪಕ್ಕಕ್ಕೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ದನಿ ತಗ್ಗಿಸಿ ಕೇಳಿದರು.

"ಹಿರಿಯಣ್ಣ, ಗಂಟಲಲ್ಲಿ ಇಳಿಯೋವಾಗ ಹೆಂಗಿತ್ತಯ್ಯ?"

ಹಿರಿಯಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಂಜೂರ, ಅರಮನೆ ಏನೂ ಬಾಯಿಗೆ ಬರಲಿಲ್ಲ.

"ನಿಜ ಹೇಳ್ಲಾ ಗೌಡ್ರೆ," ಎಂದ. "ಒಂಚೂರು ಬೆಚ್ಚಗಾಯ್ತು. ಅಷ್ಟೆ."